ಎರಡೂವರೆ ಸೂತಿನ ಪಾಂಡಿತ್ಯ

ಭದ್ರಾವತಿಯಲ್ಲಿ ಹುಟ್ಟಿದವನು ಕಬ್ಬಿಣದ ವಿಷಯದಲ್ಲಿ "ನನಗೆ ಗೊತ್ತಿಲ್ಲ" ಎನ್ನುವ ಪದ್ಧತಿ ಇಲ್ಲ. ಬೆಂಕಿಪುರ ಎಂಬ ಹಳೇ ಹೆಸರಿನ ಈ ಊರಿಗೆ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಯೋಜನೆ ಬಂತು, 1923ರಲ್ಲಿ ಕುಲುಮೆ ಹತ್ತಿತು. ಅಂದು ಶುರುವಾದ ಚರ್ಚೆ ಓಲ್ಡ್ ಟೌನಿನ ಚಹಾದಂಗಡಿಗಳಲ್ಲಿ ಇವತ್ತಿಗೂ ನಿಂತಿಲ್ಲ. ಉಕ್ಕಿಗೆ ಇಂಗಾಲ ಎಷ್ಟಿರಬೇಕು, ಮ್ಯಾಂಗನೀಸ್ ಎಷ್ಟು ಬೆರೆಸಬೇಕು ಎಂದು ಬೈಟೂ ಕಾಫಿಯ ಮೇಲೆ ತೀರ್ಪು ಕೊಡುವವರು ನಮ್ಮಲ್ಲಿ ಬೀದಿಗೆ ನಾಲ್ವರಿದ್ದಾರೆ. ಕಾರ್ಖಾನೆಯ ಉಸಿರು ಏರಿಳಿದರೂ ಇವರ ಉಸಿರು ಇಳಿದಿಲ್ಲ. ಅಪ್ಪನೋ ಮಾವನೋ ದೊಡ್ಡಪ್ಪನೋ ಒಬ್ಬರು ಫೌಂಡ್ರಿಯಲ್ಲಿ ಇದ್ದರಾಯಿತು, ಮೂರು ತಲೆಮಾರಿಗೆ ಸಾಕಾಗುವಷ್ಟು ಲೋಹಶಾಸ್ತ್ರ ಆ ಮನೆಗೆ ತಾನಾಗಿ ಬಂದುಬಿಡುತ್ತದೆ.

ನನ್ನ ಚಿಕ್ಕಪ್ಪ ಫೌಂಡ್ರಿಯಲ್ಲಿದ್ದರು. ನಾನು ಬ್ಯಾಂಕಿನಲ್ಲಿದ್ದೆ. ಸೇವಾವಧಿಯುದ್ದಕ್ಕೂ ನಾನು ತಿರುಗಿಸಿದ ಲೋಹದ ವಸ್ತು ಎಂದರೆ ಲಾಕರಿನ ಕೀಲಿಕೈ. ಆದರೂ ನಿವೃತ್ತಿಯ ಹಣ ಕೈಗೆ ಬಂದ ಕೂಡಲೇ ಚಿಕ್ಕಪ್ಪನ ರಕ್ತ ನನ್ನೊಳಗೆ ಕುದಿಯಲಾರಂಭಿಸಿತು. ತರೀಕೆರೆ ಕಡೆ ಬಾಗಿಲು ಹಾಕಿದ ಒಂದು ಸಾಮಿಲ್ಲಿನ ಹಿತ್ತಲಲ್ಲಿ, ಲಂಟಾನದ ಪೊದೆಯೊಳಗೆ ಮೂತಿ ಮಾತ್ರ ತೋರಿಸಿಕೊಂಡು ನಿಂತಿದ್ದ ಫಾರ್ಗೋ ಲಾರಿಯೊಂದನ್ನು ಗುಜರಿಯವನಿಗಿಂತ ಸ್ವಲ್ಪ ಹೆಚ್ಚು ಕೊಟ್ಟು ಕೊಂಡೆ. ಒಂದು ಕಾಲಕ್ಕೆ ಮಲೆನಾಡಿನ ಕಾಡಿನಿಂದ ನಾಟಾ ಹೊತ್ತು ತಂದ ಗಾಡಿ. ಟ್ರ್ಯಾಕ್ಟರ್ ಕಟ್ಟಿ ಎಳೆದು ತಂದು ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿದಾಗ ಓಲ್ಡ್ ಟೌನಿನ ಅರ್ಧ ಜನ ನೋಡಲು ಬಂದರು. ಇನ್ನರ್ಧ ಜನ ಬರದೇ ಇದ್ದದ್ದು ಅವತ್ತು ಸಂತೆ ಇದ್ದದ್ದರಿಂದ.

"ಇದೆಂತಕ್ಕೆ?" ಎಂದಳು ಹೆಂಡತಿ.

ಈ ಪ್ರಶ್ನೆಗೆ ನಾನು ತಯಾರಾಗಿದ್ದೆ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ನಮ್ಮ ಕಬ್ಬಿಣದ ಕಾರ್ಖಾನೆಯ ಮಂಡಳಿಗೆ ಅಧ್ಯಕ್ಷರಾಗಿದ್ದರು. ಅದೇ ಪುಣ್ಯಾತ್ಮರು 1930ರ ದಶಕದಲ್ಲಿ ಭಾರತಕ್ಕೆ ತನ್ನದೇ ಮೋಟಾರು ಕಾರ್ಖಾನೆ ಬೇಕೆಂದು ಯುರೋಪು, ಅಮೆರಿಕ ಸುತ್ತಿ ಬಂದು ಯೋಜನೆ ಬರೆದರು. ಮೈಸೂರು ಸಂಸ್ಥಾನದಲ್ಲೇ ಅದು ಆಗಲಿ ಎಂದು ಓಡಾಡಿದರು, ಬ್ರಿಟಿಷರ ಸರ್ಕಾರ ಅಡ್ಡಗಾಲು ಹಾಕಿತು. ಆ ಕನಸಿನ ಬೆನ್ನು ಹತ್ತಿದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿ, ಅಮೆರಿಕದ ಕ್ರೈಸ್ಲರ್ ಕಂಪನಿಯ ಕೈ ಹಿಡಿದು, ಮುಂಬೈಯ ಕುರ್ಲಾದಿಂದ ಡಾಡ್ಜ್, ಫಾರ್ಗೋ ಲಾರಿಗಳನ್ನು ರಸ್ತೆಗೆ ಬಿಟ್ಟರು. "ನ್ಯಾಯವಾಗಿ ಈ ಲಾರಿ ನಮ್ಮ ರಾಜ್ಯದಲ್ಲೇ ಹುಟ್ಟಬೇಕಿತ್ತು ಕಣೇ" ಎಂದು ಗದ್ಗದಿತನಾಗಿ ಮುಗಿಸಿದೆ.

"ಹುಟ್ಟದಿದ್ದದ್ದೇ ಒಳ್ಳೇದಾಯ್ತು. ಹುಟ್ಟಿದ್ರೆ ಎರಡು ತರ್ತಿದ್ರಿ" ಎಂದು ಒಳಗೆ ಹೋದಳು.

ಕೆಲಸ ಚಕ್ರಗಳಿಂದ ಶುರುವಾಯಿತು. ಬಲಗಡೆಯ ನಟ್ಟುಗಳು ಸೀಮೆಎಣ್ಣೆ ಕುಡಿದು, ಕಿರುಗುಟ್ಟಿ, ಕೊನೆಗೆ ಒಲಿದವು. ಆ ಉಮೇದಿನಲ್ಲಿ ಎಡಗಡೆಗೆ ಬಂದೆ. ಎಡಗಡೆಯವು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಪಾನದ ಹಿಡಿಗೆ ಉದ್ದದ ಪೈಪು ತೂರಿಸಿದೆ. ಪೈಪಿನ ತುದಿ ಹಿಡಿದು ಜೋತುಬಿದ್ದೆ. ಆಮೇಲೆ ಅದರ ಮೇಲೆ ಹತ್ತಿ ನಿಂತೆ. ಮನೆಗೆ ಬಂದಿದ್ದ ಭಾವಮೈದುನನನ್ನೂ ಹತ್ತಿಸಿಕೊಂಡೆ. ಅವನು ಶಿವಮೊಗ್ಗದಲ್ಲಿ ಬೇಕರಿ ಇಟ್ಟವನು, ತೂಕಕ್ಕೆ ಕೊರತೆಯಿಲ್ಲ. ಇಬ್ಬರೂ ಒಟ್ಟಿಗೆ ಕುಪ್ಪಳಿಸಿದಾಗ "ಟಪ್" ಎಂದು ಸದ್ದಾಯಿತು. ನಟ್ಟು ಬಿಟ್ಟಿತೆಂಬ ಸಂತೋಷದಲ್ಲಿ ಇಬ್ಬರೂ ನೆಲಕ್ಕೆ ಬಿದ್ದೆವು. ಎದ್ದು ನೋಡಿದರೆ ನಟ್ಟು ಬಿಟ್ಟಿರಲಿಲ್ಲ, ಸ್ಟಡ್ಡೇ ಮುರಿದು ನಟ್ಟಿನ ಸಮೇತ ಚರಂಡಿಗೆ ಹೋಗಿತ್ತು.

ಎದುರು ಮನೆಯ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದವರು ಫಿಟ್ಟರ್ ಮಾವ. ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಕೈ ಸವೆಸಿ ನಿವೃತ್ತರಾದವರು, ಊರಿಗೆಲ್ಲ ಮಾವ. ಅವರು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ, ಬಾಯಿಗಿಟ್ಟುಕೊಂಡು, ಎದ್ದು ಬಂದರು. ಉಳಿದ ಸ್ಟಡ್ಡೊಂದರ ತುದಿಯ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿದರು. ಕೆಳಗೆ ಒಂದು ಇಂಗ್ಲಿಷ್ ಅಕ್ಷರ ಕೊರೆದಿತ್ತು.

"ಇದೇನು?"

"ಎಲ್."

"ಎಲ್ ಅಂದ್ರೆ?"

"ಲಾರಿ" ಎಂದೆ.

ಮಾವ ಸ್ವಲ್ಪ ಹೊತ್ತು ಆಕಾಶ ನೋಡಿದರು. "ಲೆಫ್ಟು. ಎಡಗಡೆ ಚಕ್ರಕ್ಕೆ ಎಡಗೈ ಥ್ರೆಡ್ಡು. ಬಲಕ್ಕೆ ತಿರುಗಿಸಿದ್ರೆ ಬಿಚ್ಚತ್ತೆ, ಎಡಕ್ಕೆ ತಿರುಗಿಸಿದ್ರೆ ಬಿಗಿಯತ್ತೆ. ನೀವು ಬೆಳಗ್ಗಿಂದ ಬಿಚ್ತಾ ಇಲ್ಲ, ಬಿಗಿ ಮಾಡ್ತಾ ಇದೀರಿ. ಚೆನ್ನಾಗೇ ಮಾಡಿದೀರಿ."

ಗಾಡಿ ಮುಂದಕ್ಕೆ ಓಡುವಾಗ ಎಡಗಡೆಯ ಚಕ್ರ ತಿರುಗುವ ದಿಕ್ಕೇ ನಟ್ಟನ್ನು ಸಡಿಲಿಸಬಾರದು ಎಂಬ ಲೆಕ್ಕದಲ್ಲಿ ಕ್ರೈಸ್ಲರಿನವರೂ ಬ್ರಿಟನ್ನಿನ ಕೆಲವು ಲಾರಿ ಕಂಪನಿಗಳೂ ಹೀಗೆ ಮಾಡುತ್ತಿದ್ದವು ಎಂದು ಮಾವ ವಿವರಿಸಿದರು. ಭಾವಮೈದುನ ಸೊಂಟ ಹಿಡಿದುಕೊಂಡು ಮಧ್ಯಾಹ್ನದ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟುಹೋದ.

ಬಲಪ್ರಯೋಗ ಬಿಟ್ಟು ಶಿಸ್ತಿಗೆ ಇಳಿದೆ. ಬಿಚ್ಚಿದ ಪ್ರತಿಯೊಂದು ಬೋಲ್ಟು, ನಟ್ಟು, ವಾಷರನ್ನು ಚೂರೂ ಕಳೆಯದೆ ಒಂದೇ ಬಕೆಟ್ಟಿಗೆ ಹಾಕಿ ಮೇಲೆ ಡೀಸೆಲ್ ಸುರಿದೆ. ಎಂಜಿನ್ನಿನದು, ಚಾಸಿಯದು, ರೇಡಿಯೇಟರಿನದು, ಮರದ ಬಾಡಿಯದು, ಎಲ್ಲವೂ ಒಂದೇ ಪಂಕ್ತಿಯಲ್ಲಿ ನೆನೆದವು. ಬಕೆಟ್ಟು ತುಂಬಿದ ದಿನ ಮಾವನನ್ನು ಕರೆದು ತೋರಿಸಿದೆ; ಹೊಗಳುತ್ತಾರೆಂದು ಕಾದೆ.

ಅವರು ಒಂದು ಹಿಡಿ ಬೋಲ್ಟು ಎತ್ತಿ ನೋಡಿ ವಾಪಸ್ಸು ಬಿಟ್ಟರು. "ಬಿಚ್ಚಿದ ಬೋಲ್ಟನ್ನ ಬಿಚ್ಚಿದ ತೂತಿಗೇ ಎರಡು ಸುತ್ತು ಕೂರಿಸಿ ಬಿಡಬೇಕು. ಆಗದಿದ್ರೆ ರಟ್ಟಿನ ಮೇಲೆ ಆ ಭಾಗದ ಚಿತ್ರ ಬರೆದು, ಅದೇ ಜಾಗಕ್ಕೆ ಬೋಲ್ಟು ಚುಚ್ಚಿ ಇಡಬೇಕು. ಇದು ಈಗ ಜನಗಣತಿ ಕೆಲಸ ಆಯ್ತು."

ಗಣತಿಗೆ ಕೂತ ಮೇಲೆ ಗೊತ್ತಾಯಿತು, ನಾನು ಕೊಂಡದ್ದು ಒಂದು ಲಾರಿಯಲ್ಲ, ವಿಶ್ವಸಂಸ್ಥೆ. ಚಾಸಿ ಅಮೆರಿಕದ ಕುಲ. ಎಂಜಿನ್ನು ಪರ್ಕಿನ್ಸ್ ಡೀಸೆಲ್, ಅದರ ಮೂಲ ಇಂಗ್ಲೆಂಡಿನ ಪೀಟರ್‌ಬರೋ. ಹಿಂದಿನ ಮರದ ಬಾಡಿಯನ್ನು ಕಟ್ಟಿದವರು ಊರ ಆಚಾರಿಗಳು, ಬಜಾರಿನಲ್ಲಿ ಸಿಕ್ಕ ಬೋಲ್ಟು ಜಡಿದಿದ್ದಾರೆ. ಯಾವಾಗಲೋ ರೇಡಿಯೇಟರ್ ಕೆಟ್ಟಾಗ ಯಾರೋ ಟಾಟಾ ಲಾರಿಯದನ್ನು ತಂದು ಕೂರಿಸಿದ್ದಾರೆ, ಅಲ್ಲೆಲ್ಲ ಮಿಲಿಮೀಟರ್ ರಾಜ್ಯ. ಒಂದು ಕಡೆಯಂತೂ ಬೋಲ್ಟೇ ಇರಲಿಲ್ಲ. ಬೋಲ್ಟಿನ ಜಾಗದಲ್ಲಿ ಆರಿಂಚಿನ ಮೊಳೆ ಬಾಗಿಸಿಕೊಂಡು ಹಲವಾರು ವರ್ಷ ನಿಷ್ಠೆಯಿಂದ ದುಡಿದಿತ್ತು.

ಇನ್ನು ಪಾಂಡಿತ್ಯ. ನಮ್ಮ ಗ್ಯಾರೇಜುಗಳಲ್ಲಿ ಇಂಚಿನ ಎಂಟನೇ ಒಂದು ಭಾಗಕ್ಕೆ ಒಂದು ಸೂತು ಎನ್ನುತ್ತಾರೆ. ಅರ್ಧ ಇಂಚು ನಾಲ್ಕು ಸೂತು. ಇಂಚಿನ 5/16 ಭಾಗ ಎರಡೂವರೆ ಸೂತು. ನನ್ನ ಬಕೆಟ್ಟಿನಲ್ಲಿ ಬಹುಸಂಖ್ಯಾತರು ಈ ಎರಡೂವರೆ ಸೂತಿನವರು. "ಎಲ್ಲಾ ಒಂದೇ ದಪ್ಪ, ಎಲ್ಲಾ ಒಂದೇ" ಎಂದು ಸಮತಾವಾದಿಯಾಗಿ ಗುಡ್ಡೆ ಹಾಕಿದ್ದೆ. ಮಾವ ಆ ಗುಡ್ಡೆಯನ್ನು ನೋಡಿ ತಮ್ಮ ಹಳೇ ಪಿಚ್ ಗೇಜ್ ತಂದುಕೊಟ್ಟರು. ಬೀಸಣಿಗೆ ಮಡಿಕೆಯ ತೆಳು ಉಕ್ಕಿನ ಎಸಳುಗಳು, ಪ್ರತಿ ಎಸಳಿನ ಅಂಚಿಗೂ ಬೇರೆ ಬೇರೆ ಅಂತರದ ಹಲ್ಲು. ಬೋಲ್ಟಿನ ಥ್ರೆಡ್ಡಿಗೆ ಎಸಳು ಒತ್ತಿ ಹಿಡಿದು, ಸರಿಯಾಗಿ ಕೂತರೆ ಮೇಲೆ ಬರೆದ ಅಂಕಿ ಓದಿಕೊಳ್ಳಬೇಕು.

ಓದಿದೆ. ಅದೇ ಎರಡೂವರೆ ಸೂತಿನ ದಪ್ಪದಲ್ಲಿ ಹಳೇ ಬ್ರಿಟಿಷ್ ವಿಟ್ವರ್ತ್ ಆದರೆ ಇಂಚಿಗೆ 18 ಥ್ರೆಡ್ಡು. ಅದರ ತಮ್ಮ, ಬ್ರಿಟಿಷ್ ಫೈನ್, 22. ಅಮೆರಿಕದ ಒರಟು ಥ್ರೆಡ್ಡು ಮತ್ತೆ 18, ನಯದ್ದು 24. ಇವುಗಳ ನಡುವೆ ನಮ್ಮ ಎಂಟು ಮಿಲಿಮೀಟರ್ ಬೋಲ್ಟು ವೇಷ ಮರೆಸಿಕೊಂಡು ಕೂತಿರುತ್ತದೆ. ದಪ್ಪದಲ್ಲಿ ವ್ಯತ್ಯಾಸ 0.06 ಮಿಲಿಮೀಟರ್, ಥ್ರೆಡ್ಡಿನ ಅಂತರ 1.25 ಮಿಲಿಮೀಟರ್. ನಟ್ಟು ಹಾಕಿದರೆ ಎರಡು ಸುತ್ತು ವಿನಯದಿಂದ ಹೋಗುತ್ತದೆ, ಮೂರನೆಯದಕ್ಕೆ ಗಕ್ಕನೆ ನಿಲ್ಲುತ್ತದೆ. ಅಲ್ಲಿ ನಿಂತದ್ದನ್ನು "ಗಟ್ಟಿಯಾಗಿ ಹಿಡಿದಿದೆ" ಎಂದು ನಂಬಿ ಪಾನ ಹಾಕುವವರು ಇಬ್ಬಗೆ: ಅರಿಯದ ಮಕ್ಕಳು ಮತ್ತು ಬ್ಯಾಂಕಿನಿಂದ ನಿವೃತ್ತರಾದವರು.

ಈ ಗೊಂದಲಕ್ಕೆ ಇತಿಹಾಸವಿದೆ. 1841ರಲ್ಲಿ ಜೋಸೆಫ್ ವಿಟ್ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್, ಊರಿಗೊಂದು ಥ್ರೆಡ್ಡಿದ್ದ ಕಾಲದಲ್ಲಿ, ಎಲ್ಲರಿಗೂ ಒಂದೇ ಇರಲಿ ಎಂದು 55 ಡಿಗ್ರಿ ಕೋನದ, ತುದಿ ದುಂಡಗಿನ ಥ್ರೆಡ್ಡನ್ನು ಸೂಚಿಸಿದ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್, ದುಂಡಗೆ ಮಾಡುವುದು ದುಬಾರಿ, ಚಪ್ಪಟೆಯೇ ಸಾಕು, ಕೋನ 60 ಡಿಗ್ರಿ ಇರಲಿ ಎಂದ. ಅಲ್ಲಿಗೆ ಎರಡು ಮಠವಾಯಿತು. ಎರಡನೇ ಮಹಾಯುದ್ಧದಲ್ಲಿ ಒಂದೇ ಕಡೆ ಕಾದಾಡುತ್ತಿದ್ದ ಎರಡೂ ದೇಶಗಳು ಪರಸ್ಪರರ ಬೋಲ್ಟು ಹಾಕಲಾಗದೆ ಪರದಾಡಿದವು. 1948ರ ನವೆಂಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂತು ಯುನಿಫೈಡ್ ಎಂಬ ಒಪ್ಪಂದದ ಥ್ರೆಡ್ಡಿಗೆ ರುಜು ಹಾಕಿದವು. ಅಷ್ಟರಲ್ಲಿ ನಾವು ಸ್ವತಂತ್ರರಾಗಿ, 1956ರಲ್ಲಿ ಕಾನೂನು ಮಾಡಿ ಮೆಟ್ರಿಕ್ ಕಡೆಗೆ ಹೊರಟೆವು. ಅವರವರ ಪಾಡಿಗೆ ಎಲ್ಲರೂ ಜಗತ್ತಿಗೆ ಒಳ್ಳೆಯದನ್ನೇ ಬಯಸಿದರು. ಎಲ್ಲರ ಒಳ್ಳೆಯತನವೂ ಬಂದು ಬಿದ್ದದ್ದು ನನ್ನ ಬಕೆಟ್ಟಿಗೆ.

ಪಾನಗಳ ಕಥೆ ಬೇರೆ. ಶಿವಮೊಗ್ಗಕ್ಕೆ ಹೋಗಿ ಒಂದು ಹಳೇ ಹಾರ್ಡ್‌ವೇರ್ ಅಂಗಡಿಯಲ್ಲಿ ವಿಟ್ವರ್ತ್ ಪಾನ ಕೇಳಿದೆ. ಮಾಲೀಕರು ಅಟ್ಟದಿಂದ ಧೂಳು ಕೊಡವಿ ಒಂದನ್ನು ಇಳಿಸಿದರು. ಮೇಲೆ 1/2 ಎಂದು ಅಚ್ಚಾಗಿತ್ತು. ನನ್ನ ಕೈಯಲ್ಲಿದ್ದ ಅಮೆರಿಕನ್ ಅಳತೆಯ ಪಾನದ ಮೇಲೂ 1/2 ಎಂದೇ ಇತ್ತು. ಒಂದರ ಬಾಯಿ ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟು. "ಅಚ್ಚು ತಪ್ಪಾದ ಮಾಲು ಮಾರುತ್ತೀರಾ? ಗ್ರಾಹಕರ ವೇದಿಕೆಗೆ ಹೋಗಬೇಕಾಗುತ್ತದೆ" ಎಂದು ಕೌಂಟರಿನ ಮೇಲೆ ಕೈ ಕುಟ್ಟಿದೆ. ಬ್ಯಾಂಕಿನಲ್ಲಿ ನನ್ನ ಮೇಲೆ ಗ್ರಾಹಕರು ಪ್ರಯೋಗಿಸುತ್ತಿದ್ದ ಅಸ್ತ್ರ, ಅದನ್ನು ಎಸೆಯುವ ಸುಖ ಅವತ್ತೇ ಗೊತ್ತಾದದ್ದು. ಮಾಲೀಕರು ಬೇಸರಿಸದೆ ಹೇಳಿದರು: ಬ್ರಿಟಿಷ್ ಪಾನದ ಮೇಲೆ ಬರೆಯುವುದು ಬೋಲ್ಟಿನ ಕಾಂಡದ ದಪ್ಪವನ್ನು, ಅಮೆರಿಕನ್ ಪಾನದ ಮೇಲೆ ಬರೆಯುವುದು ತಲೆಯ ಅಗಲವನ್ನು. ಅರ್ಧ ಇಂಚಿನ ವಿಟ್ವರ್ತ್ ಪಾನದ ಬಾಯಿ 0.92 ಇಂಚು. ಅಂಗಡಿಯ ಹುಡುಗ ನಕ್ಕ. ಅವನ ನಗೆ ಮುಚ್ಚಲೆಂದು ನಾನು ಇಡೀ ಸೆಟ್ಟನ್ನೇ ಖರೀದಿಸಿದೆ.

ಇನ್ನು ತೊಳೆಯುವುದು. ಡೀಸೆಲ್ಲಿಗೆ ಗ್ರೀಸು ಹೋಯಿತು, ತುಕ್ಕು ಹೋಗಲಿಲ್ಲ. ತುಕ್ಕಿಗೆ ಕಾಕಂಬಿಯ ನೀರು ಒಳ್ಳೆಯದು, ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕನ್ನು ಮೆಲ್ಲಗೆ ಬಿಡಿಸಿ ಒಳಗಿನ ಗಟ್ಟಿ ಲೋಹವನ್ನು ಹೆಚ್ಚು ಮುಟ್ಟುವುದಿಲ್ಲ ಎಂದು ಮಾವನೇ ಹೇಳಿದ್ದು. ಕಾಕಂಬಿಗೆ ಅಬಕಾರಿ ಕಾನೂನಿನ ಕಾವಲಿದೆ. ಆದ್ದರಿಂದ ನಾನು ಬುದ್ಧಿ ಉಪಯೋಗಿಸಿ ಆಲೆಮನೆಯೊಂದರಿಂದ ಹುಳಿ ಬಂದ ಜೋನಿ ಬೆಲ್ಲ ತಂದು, ನೀಲಿ ಡ್ರಮ್ಮಿನಲ್ಲಿ ಕಲಸಿ, ಬೋಲ್ಟುಗಳನ್ನೆಲ್ಲ ತಂತಿಗೆ ಪೋಣಿಸಿ ಇಳಿಬಿಟ್ಟೆ. ಜತೆಗೆ ಮೂತಿಯ ಮೇಲಿದ್ದ ಫಾರ್ಗೋ ಎಂಬ ಅಕ್ಷರಗಳನ್ನೂ ಹಾಕಿದೆ. ಅವು ಕಬ್ಬಿಣದವಲ್ಲ, ಸತುವಿನ ಎರಕ. ಅವನ್ನು ಈ ನೀರಿಗೆ ಹಾಕಬಾರದು ಎಂಬುದು ಆಮೇಲೆ, ಅವು ಸಿಡುಬೆದ್ದ ಮುಖ ಹೊತ್ತು ಹೊರಬಂದಾಗ ತಿಳಿಯಿತು.

ವಾರ ಕಳೆಯುವಷ್ಟರಲ್ಲಿ ಡ್ರಮ್ಮು ಗುಳುಗುಳು ಎನ್ನತೊಡಗಿತು. ಮೇಲೆ ನೊರೆ ಎದ್ದಿತು. ಇರುವೆಗಳು ಭದ್ರಾ ನದಿಯ ಆಚೆ ದಡದಿಂದಲೂ ಬಂದಿರಬೇಕು. ಓಲ್ಡ್ ಟೌನಿನ ಗಾಳಿಯಲ್ಲಿ ಒಂದು ಪರಿಚಿತ ಪರಿಮಳ ಹರಡಿತು. ಮೊದಲು ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಎರಡು ಮನೆ ಆಚೆಯವರು ಕಿಟಕಿ ತೆರೆದರು. ಒಂದು ಮುಸ್ಸಂಜೆ ಅಪರಿಚಿತನೊಬ್ಬ ಕಾಂಪೌಂಡಿನ ಬಳಿ ಬಂದು, ಅತ್ತ ಇತ್ತ ನೋಡಿ, ಲುಂಗಿಯ ಮರೆಯಿಂದ ಖಾಲಿ ಬಾಟ್ಲಿ ತೆಗೆದು, "ಅಣ್ಣಾ, ಅರ್ಧ ಲೀಟ್ರು ಎಷ್ಟು?" ಎಂದ.

"ಇದು ಬೋಲ್ಟು ನೆನೆಸಿದ ನೀರು ಮಾರಾಯ" ಎಂದೆ.

"ಬೋಲ್ಟು ಹಾಕ್ತೀರಾ? ಹಂಗಾದ್ರೆ ಕಿಕ್ಕು ಜಾಸ್ತಿನೇ ಇರತ್ತೆ ಬಿಡಿ" ಎಂದು ಅವನು ಭಕ್ತಿಯಿಂದ ನೋಡಿದ.

ಹೆಂಡತಿಯ ಅಂತಿಮ ಗಡುವಿನ ಮೇರೆಗೆ ಡ್ರಮ್ಮನ್ನು ಖಾಲಿ ಮಾಡಿ ವಿನೆಗರ್‌ಗೆ ಬದಲಾಯಿಸಿದೆ. ವಿನೆಗರ್ ವಾಸನೆಗೆ ಬಾಟ್ಲಿಯವರು ಬರಲಿಲ್ಲ, ಆದರೆ ಅದರಲ್ಲೂ ಒಂದು ಗುಂಡಿ ಇತ್ತು. ಕೆಲವು ಬೋಲ್ಟುಗಳ ತಲೆಯ ಮೇಲೆ ಆರು ಗೆರೆ ಇದ್ದವು. ಅಲಂಕಾರಕ್ಕೆ ಹಾಕಿದ್ದಾರೆಂದು ಭಾವಿಸಿ, ಚೆನ್ನಾಗಿ ಹೊಳೆಯಲಿ ಎಂದು ಅವನ್ನೇ ಹೆಚ್ಚು ದಿನ ಬಿಟ್ಟಿದ್ದೆ. ಮಾವ ಅವನ್ನು ಆರಿಸಿ ತಮ್ಮ ಜೇಬಿಗೆ ಹಾಕಿಕೊಂಡರು. ಮೂರು ಗೆರೆ ಎಂದರೆ ಅಮೆರಿಕನ್ ಲೆಕ್ಕದಲ್ಲಿ ಐದನೇ ದರ್ಜೆ, ಆರು ಗೆರೆ ಎಂದರೆ ಎಂಟನೇ ದರ್ಜೆ, ಗಟ್ಟಿ ಉಕ್ಕು. ಉಕ್ಕು ಗಟ್ಟಿಯಾದಷ್ಟೂ ಆಮ್ಲದಲ್ಲಿ ನೆನೆಸುವುದು ಅಪಾಯ. ಜಲಜನಕ ಒಳಗೆ ಸೇರಿ ಲೋಹವನ್ನು ಪೆಡಸು ಮಾಡಬಹುದು. ಅಂಥದ್ದು ಬಿಗಿದಾಗ ಸುಮ್ಮನಿದ್ದು, ಆಮೇಲೆ ಎಂದೋ ಪಟ್ಟನೆ ತುಂಡಾಗುತ್ತದೆ. "ಇವು ಸ್ಪ್ರಿಂಗ್ ಪಟ್ಟಿಗೆ ಬೇಡ. ನಮ್ಮನೇಲಿ ತೆಂಗಿನಕಾಯಿ ಗೊನೆ ಕಟ್ಟೋಕೆ ಕೊಕ್ಕೆ ಮಾಡ್ಕೊಳ್ತೀನಿ" ಎಂದರು.

ಹಾಳಾದ ಥ್ರೆಡ್ಡುಗಳಿಗೆ ಡೈ ಹಾಕುವ ಕೆಲಸವನ್ನಾದರೂ ಸ್ವತಂತ್ರವಾಗಿ ಮಾಡುವ ಎಂದು, ಅವರು ಮಧ್ಯಾಹ್ನ ಮಲಗಿದ್ದಾಗ ಶುರು ಮಾಡಿದೆ. ಮೂರು ಸೂತಿನ ಬ್ರಿಟಿಷ್ ಫೈನ್ ಬೋಲ್ಟು, ಇಂಚಿಗೆ 20. ನಾನು ಹಾಕಿದ್ದು ಅಮೆರಿಕದ 24ರ ಡೈ. ಡೈಗೆ ಭೇದಭಾವವಿಲ್ಲ, ಸಿಕ್ಕಿದ್ದನ್ನು ಕೊರೆಯುವುದು ಅದರ ಧರ್ಮ. ಹಳೇ ಥ್ರೆಡ್ಡು ತುರಿದ ತೆಂಗಿನಕಾಯಿಯ ಹಾಗೆ ಉದುರಿತು, ಹೊಸದು ಹುಟ್ಟಲಿಲ್ಲ. ಎಚ್ಚರಗೊಂಡು ಬಂದ ಮಾವ ಬೈಯಲಿಲ್ಲ. ಒಂದು ಒಳ್ಳೆಯ ಬೋಲ್ಟು, ಒಂದು ಅನುಮಾನದ ಬೋಲ್ಟು ಎತ್ತಿಕೊಂಡು, ಎರಡರ ಥ್ರೆಡ್ಡುಗಳನ್ನೂ ಎದುರುಬದುರು ಒತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಇಲ್ಲಿ ನೋಡಿ. ಹಲ್ಲೊಳಗೆ ಹಲ್ಲು ಕೂತು, ಉದ್ದಕ್ಕೂ ಬೆಳಕು ನುಸುಳಬಾರದು. ನುಸುಳಿದ್ರೆ ಜಾತಿ ಬೇರೆ. ಗೇಜು ಇಲ್ಲದಿದ್ರೂ ಇಷ್ಟು ಸಾಕು."

ನಾನೂ ಹಿಡಿದು ನೋಡಿದೆ. ಮೊದಲ ನಾಲ್ಕೈದು ಹಲ್ಲು ಒಂದರೊಳಗೊಂದು ಹೊಂದಿದ್ದವು. ಮುಂದಕ್ಕೆ ಕೂದಲೆಳೆಯ ಬೆಳಕು, ಅದರ ಮುಂದೆ ನೂಲಿನಷ್ಟು, ತುದಿಯಲ್ಲಿ ಒಂದು ಹಲ್ಲು ಇನ್ನೊಂದರ ನೆತ್ತಿಯ ಮೇಲೇ ಹತ್ತಿ ಕೂತಿತ್ತು. ಅರ್ಧ ಇಂಚಿನ ಬೋಲ್ಟುಗಳಲ್ಲಿ ಈ ಆಟ ಇನ್ನೂ ಸ್ವಾರಸ್ಯ. ಕಾಲಿಂಚಿನಿಂದ 7/16ರವರೆಗೆ ಒರಟು ಥ್ರೆಡ್ಡಿನಲ್ಲಿ ಬ್ರಿಟನ್ನಿಗೂ ಅಮೆರಿಕಕ್ಕೂ ಲೆಕ್ಕ ಒಂದೇ, ಕೋನ ಬೇರೆಯಾದರೂ ಹೇಗೋ ಹೊಂದಿಕೊಳ್ಳುತ್ತವೆ. ಅರ್ಧ ಇಂಚಿಗೆ ಬಂದಾಗ ಬ್ರಿಟನ್ 12 ಎನ್ನುತ್ತದೆ, ಅಮೆರಿಕ 13 ಎನ್ನುತ್ತದೆ. ಆ ಒಂದು ಥ್ರೆಡ್ಡಿನ ಹಟಕ್ಕೆ ನನ್ನ ಬಾಡಿ ಬೋಲ್ಟುಗಳು ಚಾಸಿಯ ನಟ್ಟುಗಳ ಜತೆ ಸಂಸಾರ ಮಾಡಲು ಒಪ್ಪಿರಲಿಲ್ಲ.

ಮಾವನ ಇಡೀ ಶಾಸ್ತ್ರ ಎರಡು ವಾಕ್ಯದ್ದು. ಬೆರಳಿನಲ್ಲಿ ಪೂರ್ತಿ ಒಳಗೆ ಹೋಗದ ಬೋಲ್ಟಿಗೆ ಪಾನ ಮುಟ್ಟಿಸಬಾರದು. ಗಾಡಿ ಒಂದು ಸುತ್ತು ಓಡಿದ ಮೇಲೆ ಪ್ರತಿಯೊಂದನ್ನೂ ಮತ್ತೊಮ್ಮೆ ಬಿಗಿಯಬೇಕು, ಮರದ ಬಾಡಿಯದಂತೂ ಕಡ್ಡಾಯ, ಯಾಕೆಂದರೆ ಮರ ಕುಗ್ಗುತ್ತದೆ. ಮೊದಲನೆಯದನ್ನು ನಾನು ಬಾಯಿಪಾಠ ಮಾಡಿದೆ. ಎರಡನೆಯದನ್ನು ಅವರು ಹೇಳುವಾಗ ಲಾರಿಗೆ ಯಾವ ಬಣ್ಣ ಬಳಿಯಲಿ ಎಂದು ಯೋಚಿಸುತ್ತಿದ್ದೆ.

ಆಯುಧಪೂಜೆಯ ದಿನ ಲಾರಿ ಹೊರಟಿತು. ಕುಂಬಳಕಾಯಿ ಒಡೆದು, ನಿಂಬೆಹಣ್ಣು ಚಕ್ರಕ್ಕೆ ಕೊಟ್ಟು, ಸಿಡುಬಿನ ಮುಖದ ಅಕ್ಷರಗಳಿಗೆ ಕುಂಕುಮ ಹಚ್ಚಿ, ಭದ್ರಾ ಸೇತುವೆ ದಾಟಿ ನ್ಯೂ ಟೌನಿಗೆ ಹೋಗಿ ಹೊಗೆಯುಗುಳುತ್ತಾ ವಾಪಸ್ಸು ಬಂತು. ಮರುದಿನದಿಂದ ನನ್ನ ಕೀರ್ತಿ ಹಬ್ಬಿತು. ಕುಕ್ಕರ್ ಹಿಡಿಯ ತಿರುಪು, ಫ್ಯಾನಿನ ಸ್ಕ್ರೂ, ಅಜ್ಜಿಯ ಕನ್ನಡಕದ ಕಣ್ಣಿಗೆ ಕಾಣದ ಮೊಳೆ ಹಿಡಿದು ಜನ ಬಾಗಿಲಿಗೆ ಬಂದರು. ನಾನು ಜಗಲಿಯಲ್ಲಿ ಕೂತು, ಗೇಜು ಬಿಚ್ಚಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, ಪ್ರತಿಯೊಂದರ ಕುಲಗೋತ್ರ ಹೇಳಿ ಕಳಿಸಿದೆ. ಸರಿ ಮಾಡಿಕೊಡಿ ಎಂದವರಿಗೆ ಫಿಟ್ಟರ್ ಮಾವನ ಮನೆ ತೋರಿಸಿದೆ.

ಹಾಗಿರುವಾಗ ಒಬ್ಬ ಹುಡುಗ ಬೆರಳು ದಪ್ಪದ ಬೋಲ್ಟೊಂದನ್ನು ತಂದು ಮುಂದಿಟ್ಟ. ಗೇಜಿನ ಅಗತ್ಯವೂ ಬೀಳಲಿಲ್ಲ, ಕಣ್ಣಳತೆಯಲ್ಲೇ ಹೇಳಿದೆ: "ಅರ್ಧ ಇಂಚು, 12 ಥ್ರೆಡ್ಡು, ವಿಟ್ವರ್ತ್. ಮರದ ಬಾಡಿಗೆ ಹಾಕುವಂಥದ್ದು. ಇಲ್ಲಿ ನೋಡು, ಥ್ರೆಡ್ಡು ಚೆನ್ನಾಗಿದೆ, ಎಣ್ಣೆ ಹಾಕಿದ್ದಾರೆ, ಕಾಳಜಿಯಿಂದ ತೊಳೆದಿದ್ದಾರೆ. ಆದರೆ ಬಿಗಿದಿಲ್ಲ. ಎಲ್ಲಾ ಮಾಡಿ ಕೊನೆಗೆ ಬಿಗಿಯುವುದನ್ನೇ ಮರೆತಿದ್ದಾನೆ. ಇಂಥ ಬೇಜವಾಬ್ದಾರಿ ಜನರಿಗೆ ಲೈಸೆನ್ಸ್ ಕೊಡುವುದೇ ತಪ್ಪು. ಯಾರದ್ದಪ್ಪಾ ಇದು?"

"ನಿಮ್ದೇ ಸಾರ್. ಹಬ್ಬದ ದಿನ ನಮ್ಮನೆ ಮುಂದೆ ಬಿತ್ತು" ಎಂದ ಹುಡುಗ ಚಡ್ಡಿಯ ಜೇಬಿಗೆ ಕೈ ಹಾಕಿ ಇನ್ನೊಂದು ಹಿಡಿ ತೆಗೆದ. "ಇವೂ ಅದೇ ಜಾತೀನಾ ಅಂತ ಫಿಟ್ಟರ್ ತಾತ ಕೇಳ್ಕೊಂಡ್ ಬಾ ಅಂದ್ರು."